ಅಂಕೆ ತಪ್ಪಿದ ಅಂಕೆಗಳು

ಕನ್ನಡದಲ್ಲಿ 'ಅಂಕೆ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ಎಣಿಕೆಯ ಗುರುತು, ಇನ್ನೊಂದು, ಹತೋಟಿ. ಹುಡುಗನು ಅಂಕೆಯಲ್ಲಿಲ್ಲವೆಂದರೆ ತಾಯಿತಂದೆಗಳ ಮಾತನ್ನು ಕೇಳುವದಿಲ್ಲವೆಂದು ತಿಳಿಯಬೇಕು. ಎತ್ತು ಅಂಕೆ ತಪ್ಪಿತೆಂದರೆ ಹಗ್ಗ ಹರಿದುಕೊಂಡು ಓಡಿತೆಂದು ತಿಳಿಯಬೇಕು. ಈ ಎರಡೂ ಅರ್ಥಗಳನ್ನು ಒಂದೇ ಶಬ್ದದಲ್ಲಿ ಕೂಡಿಸಿಟ್ಟ ನಮ್ಮ ಹಿರಿಯರು ಬಲು ಜಾಣರಿದ್ದರೆಂಬದು ನಮಗೆ ಈಚೆಗೆ ಚೆನ್ನಾಗಿ ಮನವರಿಕೆಯಾಗಿದೆ. ಸಂಸಾರವನ್ನು ಅಂಕೆಯಲ್ಲಿಡುವದು ಅಂಕೆಯೇ ಅಲ್ಲವೆ? ತಿಂಗಳ ಗಳಿಕೆಯೆಷ್ಟು, ಕೊಡತಕ್ಕದ್ದೆಷ್ಟು, ಉಳಿಯತಕ್ಕದ್ದೆಷ್ಟು ಎಂಬದನ್ನು ಬಲ್ಲ ಮನೆಯು ನೆಟ್ಟಗೆ ನಡೆಯುವದು. ಆದರೆ ಮನೆಯನ್ನು ಹತೋಟಿಯಲ್ಲಿಡತಕ್ಕ ಅಂಕೆಯೇ ಹತೋಟಿ ತಪ್ಪಿದರೆ ಹೇಗೆ? ಬೇಲಿಯೇ ಎದ್ದು ಹೊಲ ಮೇದರೆ ಯಾರಿಗೆ ದೂರುವದು?

ಅಂಕೆಗೆ ಮೈಯೂ ಉಂಟು, ಉಡುಪೂ ಉಂಟು. ಲಕ್ಷ ಸಾವಿರಗಳನ್ನು ಬೇರ್ಪಡಿಸುವ ಅಲ್ಪವಿರಾಮವು ಒಂದು ಉಡುಪು. ಬಿಂದುವಿನ ಬಲಕ್ಕೆ ಎಷ್ಟು ಸೊನ್ನೆಗಳೆಂಬದು ಒಂದು ಉಡುಪು. ದಿನಾಂಕದಲ್ಲಿ ದಿನವು ಮೊದಲೋ ತಿಂಗಳು ಮೊದಲೋ ಎಂಬದು ಮತ್ತೊಂದು. ನೋಡುವವರಿಗೆ ಇದೆಲ್ಲ ಬರಿಯ ಅಲಂಕಾರವೆಂದು ತೋರಬಹುದು. ಹಾಗಲ್ಲ. ಉಡುಪು ಕಳಚಿದ ಅಂಕೆಯು ಎಂಥ ಒಗಟಾಗುವದೆಂಬದಕ್ಕೆ ನಮ್ಮ ಸೀಮೆಯ ಕಲ್ಲುಗಳೇ ಸಾಕ್ಷಿಯಾಗಿವೆ. ಹನ್ನೊಂದನೆಯ ಶತಮಾನದಲ್ಲಿ ಚಾಳುಕ್ಯ ರಾಜಕುಮಾರಿಯಾದ ಅಕ್ಕಾದೇವಿಯು ಆಳಿದ ನಾಡಿಗೆ ಶಾಸನಗಳಲ್ಲಿ ಕಿಸುಕಾಡು ಎಪ್ಪತ್ತು ಎಂದು ಹೆಸರು. ಇಲ್ಲಿಯ ಸೂಡಿಯು ಆ ನಾಡಿನ ದೊಡ್ಡ ಪಟ್ಟಣವಾಗಿದ್ದಿತು. ಅದರ ನೆರೆಯಲ್ಲಿ ಬೆಳ್ವೊಲ ಮೂನೂರು. ಈ ಎಪ್ಪತ್ತು ಯಾವುದರ ಎಪ್ಪತ್ತು? ಮೂನೂರು ಯಾವುದರ ಮೂನೂರು? ಹಳ್ಳಿಗಳ ಎಣಿಕೆಯೆಂದು ಕೆಲವು ಪಂಡಿತರು ಹೇಳುವರು. ಹುಟ್ಟುವಳಿಯ ಲೆಕ್ಕವೆಂದು ಮತ್ತೆ ಕೆಲವರು. ಬರೆಯಿಸಿದವರಿಗೂ ಅಂದು ಓದಿದವರಿಗೂ ಅದು ತಿಳಿದೇ ಇದ್ದಿತು. ಆದುದರಿಂದ ಯಾರೂ ಬಿಡಿಸಿ ಹೇಳಲಿಲ್ಲ. ತಿಳಿದವರು ಹೋದರು, ಅಂಕೆ ಉಳಿಯಿತು, ಅರ್ಥವು ಚರ್ಚೆಗೆ ಬಿದ್ದಿತು. ಸಾವಿರ ವರ್ಷಗಳಲ್ಲಿ ಕಲ್ಲಿನ ಅಂಕೆಗೆ ಬಂದ ಗತಿಯು ನಮ್ಮ ಮನೆತನದ ಲೆಕ್ಕಗಳಿಗೆ ಒಂದೇ ಹಬ್ಬದ ಅವಧಿಯಲ್ಲಿ ಬಂದಿತು. ಆ ಸಂಗತಿಯನ್ನೇ ಇಲ್ಲಿ ವಾಚಕರಿಗೆ ನಿವೇದಿಸುವೆವು.

ನಾವು ರೋಣದಲ್ಲಿ ವಾಸಿಸುವವರು. ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದವರು. ನಮ್ಮ ಹಿರಿಯಕ್ಕನನ್ನು ನರಗುಂದಕ್ಕೆ ಕೊಟ್ಟಿದೆ. ನಮ್ಮ ಮಗಳನ್ನು ಗಜೇಂದ್ರಗಡದ ನೇಕಾರರ ಮನೆಗೆ ಕೊಟ್ಟಿದ್ದೇವೆ. ಹೀಗೆ ಮೂರು ಊರುಗಳಲ್ಲಿ ಮೂರು ಮನೆಗಳು; ಮೂರು ಮನೆಗಳಲ್ಲಿ ಮೂರು ಗಣಕಯಂತ್ರಗಳು. ನಮ್ಮಲ್ಲಿ ಓಣಿಯ ಹೆಣ್ಣುಮಕ್ಕಳ ಉಳಿತಾಯ ಸಂಘದ ಲೆಕ್ಕ, ಅಕ್ಕನಲ್ಲಿ ಹೊಲಗಳ ಲೆಕ್ಕ, ಮಗಳಲ್ಲಿ ಮಗ್ಗದ ಕೂಲಿಯ ಲೆಕ್ಕ. ಮೂರೂ ಲೆಕ್ಕಗಳನ್ನು ಇಂದಿನ ರೂಢಿಯಂತೆ ಮನೆಮನೆಯ ಮಕ್ಕಳು ಯಂತ್ರದ ಲೆಕ್ಕದ ಹಾಳೆಯಲ್ಲಿ, ಅಂದರೆ ಅಡ್ಡಗೆರೆ ಉದ್ದಗೆರೆಗಳ ಮನೆಗಳಲ್ಲಿ ಅಂಕೆಗಳನ್ನು ತುಂಬಿದರೆ ತಾನೇ ಕೂಡಿ ಕಳೆದು ಕೊಡುವ ಹಾಳೆಯಲ್ಲಿ, ಬರೆದಿಡುವರು.

2025ನೆಯ ಇಸವಿಯ ಅಕ್ಟೋಬರ 14ಕ್ಕೆ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದನ್ನು ಮಾಡಿದವರ ಉಚಿತ ಬೆಂಬಲವು ಮುಗಿಯಿತು. ಇನ್ನು ಮೇಲೆ ಅದಕ್ಕೆ ರಕ್ಷಣೆಯ ತಿದ್ದುಪಡಿಗಳು ಹಿಂದಿನಂತೆ ಬಾರವೆಂಬ ಸುದ್ದಿಯು ಎಲ್ಲೆಡೆಗೂ ಹಬ್ಬಿತು. ವಾರದೊಳಗೇ ದೀಪಾವಳಿ. ಹೊಸ ವಹಿಗೆ ಪೂಜೆ ಮಾಡುವ ಹಬ್ಬದಲ್ಲಿ ಯಂತ್ರಕ್ಕೂ ಹೊಸ ವ್ಯವಸ್ಥೆ ಬರಲೆಂದು ಮೂರು ಮನೆಯವರೂ ಒಂದೇ ಅಂಗಡಿಗೆ ಯಂತ್ರಗಳನ್ನು ಒಯ್ದುಕೊಟ್ಟರು. ಅಂಗಡಿಯ ತರುಣನು ಹಳೆಯದನ್ನು ಪೂರ್ತಿಯಾಗಿ ಅಳಿಸಿ ಹೊಸದನ್ನು ಹಾಕಿಕೊಟ್ಟನು. ಹಾಗೆ ಹಾಕುವಾಗ ಮೊಟ್ಟಮೊದಲ ಪುಟದಲ್ಲಿಯೇ ಯಂತ್ರವು ಒಂದು ಪ್ರಶ್ನೆಯನ್ನು ಕೇಳುವದು: ವೇಳೆ ಹಾಗೂ ನಾಣ್ಯಗಳನ್ನು ಯಾವ ದೇಶದ ರೀತಿಯಲ್ಲಿ ಬರೆಯಬೇಕು? ಉತ್ತರವನ್ನೂ ತಾನೇ ತುಂಬಿಕೊಂಡಿರುವದು: ಅಮೇರಿಕೆಯ ರೀತಿಯಲ್ಲಿ. ಅವಸರದಲ್ಲಿರುವವರು ಆ ಉತ್ತರವನ್ನು ಮುಟ್ಟದೆ ಮುಂದಿನ ಪುಟಕ್ಕೆ ಹೋಗುವರು. ಹಬ್ಬದ ಗದ್ದಲದಲ್ಲಿ ಆ ತರುಣನೂ ಹಾಗೆಯೇ ಹೋಗಿರಬೇಕು. ಇದರಿಂದ ಮೂರು ಯಂತ್ರಗಳೂ ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಕುಳಿತುಕೊಂಡು ಅಮೇರಿಕೆಯ ರೀತಿಯಲ್ಲಿ ವಿಚಾರಮಾಡತೊಡಗಿದವು. ಮೇಲೆ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಬಣ್ಣ ಚೆಂದವಾಗಿದ್ದಿತು, ವೇಗ ಹೆಚ್ಚಿದ್ದಿತು, ಎಲ್ಲರೂ ಸಂತೋಷಪಟ್ಟರು.

ಮೊದಲನೆಯ ಪೆಟ್ಟು ನಮ್ಮ ಊರಿನ ಸಂಘಕ್ಕೆ ತಗಲಿತು. ಈ ಸಂಘದಲ್ಲಿ ಇಪ್ಪತ್ತು ಮಂದಿ ಹೆಣ್ಣುಮಕ್ಕಳು. ಕೂಲಿಗೆ ಹೋಗುವವರು, ಹೊಲಿಗೆಯವರು, ಹಾಲು ಮಾರುವವರು, ರೊಟ್ಟಿ ಬಡಿದು ಮಾರುವವರು. ಪರಸ್ಪರ ನಂಬಿಗೆಯಿಂದ ದುಡ್ಡು ಕೂಡಿಸುವದು ನಮ್ಮ ಸೀಮೆಗೆ ಹೊಸದಲ್ಲ. 1905ರಲ್ಲಿಯೇ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘವು ಹುಟ್ಟಿ ಇಡೀ ದೇಶಕ್ಕೆ ಮೇಲ್ಪಂಕ್ತಿಯಾಯಿತು. ನಮ್ಮ ಓಣಿಯ ಸಂಘದ ಹೆಣ್ಣುಮಕ್ಕಳಲ್ಲಿ ಹಲವರಿಗೆ ಓದು ಬಾರದು. ಆದರೆ ಅಂಕೆಗಳನ್ನು ಅವರು ಆಕಾರದಿಂದ ಗುರುತಿಸುವರು. ಸಂಘದ ಮೊತ್ತವು ಒಂದು ಲಕ್ಷವನ್ನು ದಾಟಿದ ದಿನ ಬೆಂಡು ಬತ್ತಾಸು ಹಂಚಿದ್ದರು. ಒಂದು ಅಂಕೆ, ಒಂದು ಅಲ್ಪವಿರಾಮ, ಎರಡು ಅಂಕೆ, ಮತ್ತೊಂದು ಅಲ್ಪವಿರಾಮ, ಇದು ಲಕ್ಷದ ಮುಖವೆಂದು ಅಂದಿನಿಂದ ಬಲ್ಲರು.

ನವೆಂಬರದ ಕೊನೆಯ ರವಿವಾರ, ಮೂವತ್ತನೆಯ ತಾರೀಖು, ಸಂಘದ ಸಭೆ ಕೂಡಿತು. ಲೆಕ್ಕ ಬರೆಯುವ ಹುಡುಗಿಯು ಹೊಸ ಯಂತ್ರದಿಂದ ಅಚ್ಚು ಹಾಕಿದ ಹಾಳೆಯನ್ನು ತಂದು ಹರಡಿದಳು. ಮೊತ್ತದ ಸ್ಥಳದಲ್ಲಿ 3,46,500 ಎಂದು ಇರಬೇಕಾದಲ್ಲಿ 346,500 ಎಂದು ಇದ್ದಿತು. ಅಂಕೆಯೇನೋ ಅದೇ, ಒಂದು ಪೈಯೂ ಕಡಿಮೆಯಿಲ್ಲ. ಆದರೆ ಹಾಲು ಮಾರುವಾಕೆಯು ಹಾಳೆಯನ್ನು ಕೈಗೆತ್ತಿಕೊಂಡು, "ನಮ್ಮ ಮೂರು ಲಕ್ಷ ಎಲ್ಲಿ ಹೋತ್ರೀ ಮಾಸ್ತರ? ಇದು ಮುನ್ನೂರ ಆತಲ್ಲ" ಎಂದಳು. ಆಕೆಯ ಪ್ರಶ್ನೆಗೆ ನಗುವದು ಸುಲಭ. ಆದರೆ ನೋಡಿರಿ, ಸಾವಿರವಾದ ಮೇಲೆ ನೂರು ಸಾವಿರಕ್ಕೆ ಲಕ್ಷ, ನೂರು ಲಕ್ಷಕ್ಕೆ ಕೋಟಿ ಎಂದು ಎಣಿಸುವದು ನಮ್ಮ ಪದ್ಧತಿ. ಆದುದರಿಂದ ನಮ್ಮ ಅಲ್ಪವಿರಾಮಗಳು ಮೊದಲು ಮೂರಕ್ಕೆ, ಆಮೇಲೆ ಎರಡೆರಡಕ್ಕೆ ಬೀಳುವವು. ಸಾವಿರ ಸಾವಿರಕ್ಕೆ ಮಿಲಿಯನ್ ಎಂದು ಎಣಿಸುವವರ ಪದ್ಧತಿಯಲ್ಲಿ ಅವು ಮೂರು ಮೂರಕ್ಕೇ ಬೀಳುವವು. ಜರ್ಮನಿಯಂಥ ದೇಶಗಳಲ್ಲಂತೂ ಅಲ್ಪವಿರಾಮವಿದ್ದಲ್ಲಿ ಬಿಂದು, ಬಿಂದುವಿದ್ದಲ್ಲಿ ಅಲ್ಪವಿರಾಮ, ಅಲ್ಲಿ 1.250 ಎಂದರೆ ಒಂದು ಸಾವಿರದ ಇನ್ನೂರ ಐವತ್ತು. ಇವುಗಳಲ್ಲಿ ಯಾವದೂ ತಪ್ಪಲ್ಲ. ಒಬ್ಬರ ಹಾಳೆಯನ್ನು ಇನ್ನೊಬ್ಬರ ಕಣ್ಣಿನಿಂದ ಓದುವದೇ ತಪ್ಪಿಗೆ ಮೂಲ.

ಮೊತ್ತದ ಪ್ರಶ್ನೆಯನ್ನು ಬಿಡಿಸಿ ಹೇಳುವಷ್ಟರಲ್ಲಿ ಅದಕ್ಕಿಂತ ದೊಡ್ಡದೊಂದು ತೊಡಕು ಎದ್ದಿತು. ತಿಂಗಳ ಹದಿನೈದನೆಯ ತಾರೀಖಿನೊಳಗೆ ಕಂತು ಕಟ್ಟಬೇಕೆಂದು ಸಂಘದ ಕಟ್ಟಳೆ. ತಡವಾದರೆ ಇಪ್ಪತ್ತು ರೂಪಾಯಿ ದಂಡ. ದಂಡಕ್ಕಿಂತಲೂ ಹೆಚ್ಚಿನದೆಂದರೆ, ತಡಮಾಡಿದವರ ಸಾಲದ ಸರದಿಯು ಹಿಂದಕ್ಕೆ ಹೋಗುವದು. ಹಾಳೆಯಲ್ಲಿ ನಾಲ್ವರ ಹೆಸರಿನ ಮುಂದೆ ದಂಡವು ಬಿದ್ದಿತ್ತು. ಆ ನಾಲ್ವರಲ್ಲಿ ರೊಟ್ಟಿ ಮಾರುವ ವಿಧವೆಯೊಬ್ಬಳು. ಎಮ್ಮೆಯೊಂದನ್ನು ಕೊಳ್ಳುವದಕ್ಕಾಗಿ ಎರಡು ವರ್ಷಗಳಿಂದ ಕಾದು, ಡಿಸೆಂಬರದ ಸಾಲದ ಸರದಿಗೆ ಆಕೆ ಬಂದು ನಿಂತಿದ್ದಳು. ದಂಡವು ನಿಜವಾದರೆ ಸರದಿಯು ತಪ್ಪುವದು. ಎಮ್ಮೆಯು ಮತ್ತೊಬ್ಬರ ಕೊಟ್ಟಿಗೆಗೆ ಹೋಗುವದು.

"ನಾ ಬುಧವಾರ ಕಟ್ಟೇನ್ರಿ. ರೊಟ್ಟಿ ಮಾರಿದ ರೊಕ್ಕಾ ಎಣಿಸಿ ಈ ಹುಡುಗಿ ಕೈಯಾಗ ಕೊಟ್ಟೇನಿ" ಎಂದು ಆಕೆ ಹೇಳಿದಳು. ಹುಡುಗಿಯೂ ಹೌದೆಂದಳು. ಹಾಳೆಯಲ್ಲಿಯೂ 12/11/2025 ಎಂದೇ ಇದ್ದಿತು. ಹನ್ನೆರಡನೆಯ ತಾರೀಖಿಗೆ ಕಟ್ಟಿದವರಿಗೆ ದಂಡವೇಕೆ? ಅದಕ್ಕೆ ಉತ್ತರವಿಲ್ಲ. ಆಗ ಗುಂಪಿನಲ್ಲಿ ಒಬ್ಬಾಕೆಯು, "ಯಂತ್ರ ಏನ ಸುಳ್ಳು ಹೇಳತೈತೇನವಾ?" ಎಂದಳು. ಈ ಮಾತು ಬಿದ್ದೊಡನೆ ಸಭೆಯಲ್ಲಿ ಒಂದು ತರದ ಮೌನವು ಆವರಿಸಿತು. ಇಪ್ಪತ್ತು ಮಂದಿ ಇಷ್ಟು ವರ್ಷ ಬಾಯಿಮಾತಿನ ಮೇಲೆ ನಡೆಸಿಕೊಂಡು ಬಂದ ಸಂಘದಲ್ಲಿ, ಒಬ್ಬಳ ಮಾತನ್ನು ನಂಬಬೇಕೋ ಅಚ್ಚು ಹಾಕಿದ ಕಾಗದವನ್ನು ನಂಬಬೇಕೋ ಎಂಬ ಪ್ರಶ್ನೆಯು ಮೊದಲ ಸಲ ಹುಟ್ಟಿತು. ಬರೆದ ಹುಡುಗಿಯ ಕಣ್ಣಲ್ಲಿ ನೀರು. ಇಪ್ಪತ್ತು ರೂಪಾಯಿಯ ದಂಡವು ಅಲ್ಲಿ ಮುರಿಯುವದಕ್ಕೆ ಬಂದದ್ದು ಎಷ್ಟು ಬೆಲೆಯುಳ್ಳ ವಸ್ತುವನ್ನು ಎಂಬದನ್ನು ವಾಚಕರೇ ಊಹಿಸಲಿ.

ನಾವು ಹಾಳೆಯನ್ನು ಮತ್ತೆ ಮತ್ತೆ ನೋಡಿದೆವು. ದಂಡ ಬಿದ್ದ ಉಳಿದ ಮೂವರ ತಾರೀಖುಗಳು ಹದಿಮೂರು, ಹದಿನಾಲ್ಕು, ಹದಿನೈದು. ಅವು ತಮ್ಮ ಮನೆಗಳಲ್ಲಿ ಎಡಗೋಡೆಗೆ ಒರಗಿ ನಿಂತಿದ್ದವು. ಮಿಕ್ಕ ತಾರೀಖುಗಳೆಲ್ಲ ಬಲಗೋಡೆಗೆ ಒರಗಿದ್ದವು. ಲೆಕ್ಕದ ಹಾಳೆಯಲ್ಲಿ ಇದೊಂದು ಗುರುತು: ಯಂತ್ರವು ಯಾವದನ್ನು ಅಂಕೆಯೆಂದು ತಿಳಿಯುವದೋ ಅದು ಬಲಕ್ಕೆ, ಯಾವದನ್ನು ಬರಿಯ ಅಕ್ಷರವೆಂದು ತಿಳಿಯುವದೋ ಅದು ಎಡಕ್ಕೆ. ಹುಡುಗಿಯನ್ನು ಯಂತ್ರದ ಮುಂದೆ ಕೂಡ್ರಿಸಿ, ವಿಧವೆಯ ತಾರೀಖನ್ನು ವಾರ ಮತ್ತು ತಿಂಗಳ ಹೆಸರಿನೊಡನೆ ತೋರಿಸೆಂದು ಹೇಳಿದೆವು. ಯಂತ್ರವು ತೋರಿಸಿತು: ಗುರುವಾರ, 11 ಡಿಸೆಂಬರ 2025.

ಆಕೆಯು ಬುಧವಾರವೆಂದಿದ್ದಳು, ಯಂತ್ರವು ಗುರುವಾರವೆಂದಿತು. ಅಷ್ಟೇ ಅಲ್ಲ, ಯಂತ್ರವು ಹೇಳಿದ ಗುರುವಾರವು ಇನ್ನೂ ಬಂದೇ ಇರಲಿಲ್ಲ! ಅಮೇರಿಕೆಯವರು ತಿಂಗಳನ್ನು ಮೊದಲು ಬರೆದು ದಿನವನ್ನು ಆಮೇಲೆ ಬರೆಯುವರು. ಆದುದರಿಂದ ನಮ್ಮ ನವೆಂಬರ ಹನ್ನೆರಡು ಯಂತ್ರಕ್ಕೆ ಡಿಸೆಂಬರ ಹನ್ನೊಂದಾಯಿತು. ಹದಿಮೂರನೆಯ ತಿಂಗಳೆಂಬದು ಇಲ್ಲವಾದ್ದರಿಂದ 13, 14, 15ನೆಯ ತಾರೀಖುಗಳನ್ನು ಯಂತ್ರವು ತಾರೀಖುಗಳೆಂದೇ ಒಪ್ಪದೆ ಅಕ್ಷರಗಳೆಂದು ಬದಿಗಿಟ್ಟಿತು. ಹೋಲಿಸುವ ಪ್ರಸಂಗ ಬಂದಾಗ ಅಕ್ಷರವು ಯಾವ ಅಂಕೆಗಿಂತಲೂ ದೊಡ್ಡದೆಂಬದು ಅದರ ಶಾಸ್ತ್ರ. ಕಡೆಯ ದಿನವನ್ನು ಮಾತ್ರ ಹಾಳೆಯೇ ಹಿಂದಿನ ತಿಂಗಳಿಗೆ ಒಂದು ತಿಂಗಳು ಕೂಡಿಸಿ ಸರಿಯಾಗಿ ತೆಗೆದಿತ್ತು. ಹೀಗಾಗಿ ಆ ಮೂವರೂ 'ತಡ'. ತಿಂಗಳ ಮೊದಲ ಹತ್ತು ದಿನಗಳಲ್ಲಿ ಕಟ್ಟಿದವರು ಜನವರಿಯಿಂದ ಅಕ್ಟೋಬರದ ವರೆಗಿನ ತಿಂಗಳುಗಳಲ್ಲಿ ಕಟ್ಟಿದಂತಾಗಿ ದಂಡದಿಂದ ಪಾರಾಗಿದ್ದರು. ಹನ್ನೊಂದರಂದು ಕಟ್ಟಿದವಳಿಗೆ ತಿರುವು ಮುರುವು ಎರಡೂ ಒಂದೇ.

ಇದನ್ನು ಬಿಡಿಸಿ ಹೇಳಿದಾಗ ಆ ರೊಟ್ಟಿಯ ತಾಯಿಯು ಕ್ಷಣಕಾಲ ಯೋಚಿಸಿ, "ಹಂಗಾದ್ರ ಆ ದಿನಾ ಬರಾಕ ಇನ್ನೂ ಹನ್ನೊಂದು ದಿನ ಐತೆಲ್ರಿ, ನನ್ನ ರೊಕ್ಕಾ ತಿರುಗಿ ಕೊಡ್ರಿ, ಅವತ್ತ ಕಟ್ಟತೇನಿ" ಎಂದಳು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆ ನಗುವಿನೊಡನೆ ಕವಿದ ಮೋಡವೂ ಸರಿಯಿತು. ಕೈಬರಹದ ಪುಸ್ತಕವನ್ನು ತರಿಸಿ ನೋಡಲಾಗಿ ಬುಧವಾರ, ನವೆಂಬರ 12 ಎಂಬದು ಸ್ಪಷ್ಟವಾಗಿದ್ದಿತು. ದಂಡಗಳು ರದ್ದಾದವು, ಸರದಿಯು ಉಳಿಯಿತು.

ಇನ್ನು ನರಗುಂದದ ಕಥೆ. ಅಕ್ಕನ ಮಕ್ಕಳು ನಾಲ್ವರು. ಹೊಲಗಳನ್ನು ಹಂಚಿಕೊಳ್ಳುವ ಮಾತು ನಡೆದಿದ್ದಿತು. ನರಗುಂದದಲ್ಲಿ ಎಕರೆಯ ಲೆಕ್ಕವು ಹಗುರಾದ ವಿಷಯವಲ್ಲ. ಮಲಪ್ರಭೆಯ ಕಾಲುವೆಯ ಹೆಸರಿನಲ್ಲಿ ಎಕರೆಗಿಷ್ಟೆಂದು ಹೇರಿದ ಕರಗಳ ವಿರುದ್ಧ 1980ರ ಜುಲೈಯಲ್ಲಿ ನರಗುಂದ ನವಲಗುಂದಗಳ ರೈತರು ಬಂಡೆದ್ದದ್ದೂ, ಗೋಲೀಬಾರಿನಲ್ಲಿ ಪ್ರಾಣಗಳು ಹೋದದ್ದೂ ಆ ಊರಿನ ಮನೆಮನೆಗೆ ನೆನಪಿದೆ. ಹಳೆಯ ಯಂತ್ರದಲ್ಲಿದ್ದ ಹೊಲಗಳ ಯಾದಿಯನ್ನು ಸಾದಾ ಅಕ್ಷರಗಳ ಕಡತವನ್ನಾಗಿ ಉಳಿಸಿಕೊಂಡು, ಹೊಸ ಯಂತ್ರದಲ್ಲಿ ತೆರೆದರು. ಅಂಥ ಕಡತದಲ್ಲಿ ಅಂಕೆಗಳ ಮೈ ಮಾತ್ರ ಬರುವದು, ಉಡುಪು ಬರಲಾರದು. ಸರ್ವೆ ನಂಬರ 35/2 ಇದ್ದದ್ದು ಇದ್ದಂತೆಯೇ ಉಳಿಯಿತು. ಆದರೆ ಸರ್ವೆ ನಂಬರ 7/3 ಎಂಬ ಹೊಲವು ಮಾಯವಾಗಿ ಆ ಸ್ಥಳದಲ್ಲಿ 'ಜುಲೈ 3' ಎಂದು ಕಾಣಿಸಿಕೊಂಡಿತು. ಹಳೆಯ ಯಂತ್ರವೂ ಈ ಚೇಷ್ಟೆಗೆ ಹೊರತಾಗಿರಲಿಲ್ಲ. ಅಕ್ಷರವೆಂದು ಮೊದಲೇ ಕಟ್ಟಳೆ ಮಾಡದಿದ್ದರೆ ಅದು ಅದನ್ನೇ 'ಮಾರ್ಚ 7' ಎನ್ನುತ್ತಿದ್ದಿತು. ಬಿತ್ತಿ ಬೆಳೆಯುವ ಕರಿಯ ಹೊಲವನ್ನು ಪಂಚಾಂಗದ ದಿನವನ್ನಾಗಿ ಮಾಡುವ ಈ ವಿದ್ಯೆಗೆ ಅಕ್ಕನು ನಕ್ಕಳು. ಆದರೆ ಮುಂದಿನ ಸಾಲಿಗೆ ನಗೆಯು ನಿಂತಿತು.

ನಲವತ್ತು ಗುಂಟೆಗೆ ಒಂದು ಎಕರೆಯಷ್ಟೆ. ಎರಡು ಎಕರೆ ಮೂವತ್ತು ಗುಂಟೆಯನ್ನು ಅವರು 2.30 ಎಂದು ಬರೆದಿದ್ದರು. ಉಡುಪು ಕಳಚಿದ ಅಂಕೆಯಲ್ಲಿ ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಯಂತ್ರವು ಅದನ್ನು 2.3 ಎಂದು ತೋರಿಸಿತು. ಕಿರಿಯವನು ಅದನ್ನು ಎರಡು ಎಕರೆ ಮೂರು ಗುಂಟೆಯೆಂದು ಓದಿದನು. ಇಪ್ಪತ್ತೇಳು ಗುಂಟೆ ಎಲ್ಲಿ ಹೋಯಿತು? ಮಾತಿಗೆ ಮಾತು ಬೆಳೆಯಿತು. ಅಂದು ಸಂಜೆ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣಲಿಲ್ಲ. ಕೂಡಿಸುವದೂ ಹಾಗೆಯೇ. 2.30ಕ್ಕೆ 1.20 ಕೂಡಿಸಿದರೆ ಯಂತ್ರವು 3.50 ಎನ್ನುವದು. ಮೂವತ್ತು ಮತ್ತು ಇಪ್ಪತ್ತು ಕೂಡಿ ಐವತ್ತು ಗುಂಟೆ, ಅಂದರೆ ಒಂದು ಎಕರೆ ಹತ್ತು ಗುಂಟೆ. ಒಟ್ಟು ನಾಲ್ಕು ಎಕರೆ ಹತ್ತು ಗುಂಟೆಯೆಂದು ಅಕ್ಕನು ಬೆರಳೆಣಿಸಿಯೇ ಹೇಳಿದಳು. ಯಂತ್ರದ 3.50ನ್ನು ಮೂರೂವರೆ ಎಕರೆಯೆಂದು ಹಿಡಿದರೆ ಮೂವತ್ತು ಗುಂಟೆಯು ಗಾಳಿಗೆ ಹಾರಿದಂತೆಯೇ. ಹತ್ತರ ಲೆಕ್ಕ ಬಲ್ಲ ಯಂತ್ರಕ್ಕೆ ನಲವತ್ತರ ಲೆಕ್ಕವನ್ನು ಕಲಿಸಿದವರಿಲ್ಲ. ಇಂಥ ಮಿಶ್ರ ಲೆಕ್ಕಗಳು ನಮ್ಮ ಹಿರಿಯರಿಗೆ ನಿತ್ಯದವಾಗಿದ್ದವು. 1957ರ ಏಪ್ರಿಲ 1ಕ್ಕೆ ನೂರು ಪೈಸೆಯ ರೂಪಾಯಿ ಬರುವ ವರೆಗೆ ಹನ್ನೆರಡು ಪೈಗೆ ಆಣೆ, ಹದಿನಾರು ಆಣೆಗೆ ರೂಪಾಯಿಯೆಂದು ಎಣಿಸುತ್ತಿದ್ದರು. ಒಂದೂವರೆ ರೂಪಾಯಿಯನ್ನು 1-8-0 ಎಂದು ಬರೆದರೆ ಯಾವ ಮನೆಯೂ ಮೋಸ ಹೋಗುತ್ತಿರಲಿಲ್ಲ. ಅಕ್ಕನು ಮರುದಿನ ಪಹಣಿ ಪತ್ರಿಕೆಗಳನ್ನು ಪೆಟ್ಟಿಗೆಯಿಂದ ತೆಗೆದು ಮಕ್ಕಳ ಮುಂದಿಟ್ಟ ಮೇಲೆ ಜಗಳವು ತಣ್ಣಗಾಯಿತು.

ಮೂರನೆಯದು ಗಜೇಂದ್ರಗಡದ್ದು. ಈ ಊರಿನ ಹೆಸರಿನಲ್ಲಿ 1787ರಲ್ಲಿ ಮರಾಠರಿಗೂ ಟಿಪ್ಪೂ ಸುಲ್ತಾನನಿಗೂ ಆದ ಒಪ್ಪಂದವುಂಟು. ಸುಲ್ತಾನನು 48 ಲಕ್ಷ ರೂಪಾಯಿ ಕೊಡಲು ಒಪ್ಪಿದನೆಂದು ನಾವು ಓದುವೆವು. ಮಿಲಿಯನ್ ಲೆಕ್ಕದ ಪುಸ್ತಕಗಳಲ್ಲಿ ಅದೇ ಮೊತ್ತವು 4.8 ಮಿಲಿಯನ್. ರಾಜರ ಹಣಕ್ಕೆ ಎರಡು ಉಡುಪುಗಳಿದ್ದರೆ ಹಾನಿಯಿಲ್ಲ; ನೇಕಾರರ ಕೂಲಿಗೆ ಹಾಗಲ್ಲ. ಅಳಿಯಂದಿರು ವಾರಕ್ಕೊಮ್ಮೆ ನೇಯುವವರ ಕೂಲಿಯನ್ನು ಬ್ಯಾಂಕಿನ ಖಾತೆಗಳಿಗೆ ಕಳಿಸುವರು. ಖಾತೆಯ ನಂಬರುಗಳ ಯಾದಿಯನ್ನೂ ಸಾದಾ ಕಡತದಿಂದಲೇ ಹೊಸ ಯಂತ್ರಕ್ಕೆ ತಂದಿದ್ದರು. ಅಲ್ಲಿ ಎರಡು ಅನರ್ಥಗಳಾದವು. ಸೊನ್ನೆಯಿಂದ ಆರಂಭವಾಗುವ ನಂಬರುಗಳು ಮುಂದಲೆಯ ಸೊನ್ನೆಯನ್ನು ಕಳೆದುಕೊಂಡವು. ಹದಿನಾರು ಅಂಕೆಗಳ ನಂಬರುಗಳಂತೂ ಗುರುತು ಸಿಕ್ಕದಂತಾದವು: 1234567890123456 ಎಂಬಂಥದು ಮೇಲೆ ನೋಡಲು 1.23457ಇ+15 ಎಂಬ ವಿಚಿತ್ರ ರೂಪ. ಮನೆಯನ್ನು ಅಗಲಿಸಿ ಸಾದಾ ಅಂಕೆಯಾಗಿ ತೋರಿಸೆಂದರೆ 1234567890123450. ಕೊನೆಯ ಆರು ಹೋಗಿ ಸೊನ್ನೆ ಬಂದು ಕುಳಿತಿತು. ಲೆಕ್ಕದ ಹಾಳೆಯು ಒಂದು ಅಂಕೆಯಲ್ಲಿ ಹದಿನೈದು ಸ್ಥಾನಗಳ ವರೆಗೆ ಮಾತ್ರ ನೆನಪಿಡಬಲ್ಲದು. ಹದಿನಾರನೆಯದನ್ನು ಮರೆತು ಸೊನ್ನೆ ಹಾಕುವದು. ಮೊದಲಿನ ದೋಷಗಳಲ್ಲಿ ಉಡುಪನ್ನು ತಿದ್ದಿದರೆ ಮೈ ಕಾಣುತ್ತಿದ್ದಿತು. ಇಲ್ಲಿ ಮೈಯೇ ಹೋಯಿತು, ತಿದ್ದಿದರೆ ಮರಳಿ ಬಾರದು. ಮೂರು ಮಗ್ಗಗಳ ಕೂಲಿಯು ಎರಡು ದಿನ ಅಲೆದು ಹಿಂದಿರುಗಿ ಬಂದಿತು. ಅಳಿಯಂದಿರು ಆ ಮೂರೂ ಮನೆಗಳಿಗೆ ನಡೆದುಹೋಗಿ ರೊಕ್ಕವನ್ನು ಕೈಗೆ ಕೊಟ್ಟು ಬಂದರು. ಕೊಟ್ಟವ ಕೋಡಂಗಿ, ಈಸಿಕೊಂಡವ ವೀರಭದ್ರ ಎಂಬ ಗಾದೆಯು ಆ ಮನೆಗಳಲ್ಲಿ ಸುಳ್ಳಾಯಿತು. ಹಣ ಹಿಂದಿರುಗಿದ್ದನ್ನು ಕೇಳಿದ ನೇಕಾರರು, ಮುಂದಿನ ವಾರ ಕೊಟ್ಟಿದ್ದರೂ ನಡೆಯುತ್ತಿತ್ತೆಂದು ಅವರನ್ನೇ ಸಮಾಧಾನಪಡಿಸಿದರಂತೆ.

ಇವೆಲ್ಲ ಹಳ್ಳಿಗಾಡಿನ ತೊಂದರೆಗಳೆಂದು ಯಾರೂ ತಿಳಿಯಬಾರದು. ಬಹು ದೊಡ್ಡವರ ಮನೆಯಲ್ಲಿಯೂ ಇದೇ ಗೋಳು ಇದೆ. ಮನುಷ್ಯನ ದೇಹದ ಜೀನುಗಳಲ್ಲಿ ಕೆಲವಕ್ಕೆ ಮಾರ್ಚ 1, ಸೆಪ್ಟ 1 ಎಂಬಂಥ ಸಂಕ್ಷೇಪದ ಹೆಸರುಗಳಿದ್ದವು. ಎಕ್ಸೆಲ್ ಹಾಳೆಯಲ್ಲಿ ಅವು ತಾರೀಖುಗಳಾಗಿ ಮಾರ್ಪಟ್ಟು ವಿಜ್ಞಾನಿಗಳ ಪಟ್ಟಿಗಳು ಕೆಡುತ್ತಿದ್ದವು. ಕೊನೆಗೆ 2020ರಲ್ಲಿ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯವರು ಜೀನುಗಳ ಹೆಸರುಗಳನ್ನೇ ಬದಲಿಸಿದರು! ಅದೇ ವರ್ಷ ಅಕ್ಟೋಬರದಲ್ಲಿ ಇಂಗ್ಲೆಂಡಿನಲ್ಲಿ ಕೊರೋನಾ ರೋಗಿಗಳ ಯಾದಿಯನ್ನು ಹಳೆಯ ತರದ ಹಾಳೆಗೆ ತುಂಬುವಾಗ, ಅದರಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದ ಕಾರಣ 15,841 ಮಂದಿಯ ವರದಿಯು ಲೆಕ್ಕದಿಂದ ಬಿಟ್ಟುಹೋಗಿದ್ದಿತು. ಇನ್ನೊಂದು ಬೆಡಗನ್ನು ಕೇಳಿರಿ. ಈ ಹಾಳೆಗಳು ತಾರೀಖನ್ನು 1900ರ ಜನವರಿ 1ರಿಂದ ಎಣಿಸಿದ ದಿನಗಳೆಂದು ಒಳಗೆ ಬರೆದುಕೊಳ್ಳುವವು. ನಮ್ಮ ರೊಟ್ಟಿಯ ತಾಯಿಯ ಬುಧವಾರವು 45973, ಯಂತ್ರವು ತಿಳಿದ ಗುರುವಾರವು 46002. ಆದರೆ 1900ನೆಯ ವರ್ಷಕ್ಕೆ ಫೆಬ್ರುವರಿ 29 ಇರಲೇ ಇಲ್ಲ. ಹಿಂದೆ ಲೋಟಸ್ 1-2-3 ಎಂಬ ಹಾಳೆಯು ಇದ್ದದ್ದೆಂದು ಎಣಿಸಿತು. ಅದರೊಡನೆ ಲೆಕ್ಕ ಹೊಂದಲೆಂದು ಎಕ್ಸೆಲ್ ಹಾಳೆಯೂ ತಿಳಿದೂ ತಿಳಿದೂ ಆ ಇಲ್ಲದ ದಿನವನ್ನು ಇಂದಿಗೂ ಎಣಿಸುತ್ತದೆ. ಯಂತ್ರಕ್ಕೂ ಸಂಪ್ರದಾಯದ ಮೋಹ ತಪ್ಪಿದ್ದಲ್ಲ.

ಯಂತ್ರವನ್ನು ಜರೆಯುವದು ನಮ್ಮ ಉದ್ದೇಶವಲ್ಲ. ಇಪ್ಪತ್ತು ಮಂದಿಯ ಕಂತು ಬಡ್ಡಿಗಳನ್ನು ಕ್ಷಣಮಾತ್ರದಲ್ಲಿ ತೆಗೆಯುವ ಸಾಧನವನ್ನು ಬಿಟ್ಟುಬಿಡಿರೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ಮನೆಗೆ ಹೊಸ ಆಳು ಬಂದರೆ, ನಮ್ಮ ಮನೆಯ ಪದ್ಧತಿ ಹೀಗೆ ಎಂದು ಮೊದಲ ದಿನವೇ ಹೇಳಿಕೊಡುವದಿಲ್ಲವೆ? ಹೊಸ ವ್ಯವಸ್ಥೆಗೂ ಹಾಗೆಯೇ ಹೇಳಿಕೊಡತಕ್ಕದ್ದು. ನಮ್ಮ ಮೂರು ಮನೆಗಳಲ್ಲಿ ಈಗ ನಡೆಯುತ್ತಿರುವ ಕ್ರಮವನ್ನು ಗೃಹಸ್ಥರ ಉಪಯೋಗಕ್ಕಾಗಿ ಹೇಳುವೆವು.

ಯಂತ್ರದ ವ್ಯವಸ್ಥೆಯನ್ನು ಬದಲಿಸಿದ ಕೂಡಲೆ ಸೆಟ್ಟಿಂಗಿನಲ್ಲಿ ದೇಶದ ರೀತಿ ಯಾವದಿದೆಯೆಂದು ನೋಡಬೇಕು. ಅಲ್ಲಿ ಭಾರತದ ಇಂಗ್ಲಿಷ್ ಅಥವಾ ಕನ್ನಡವನ್ನು ಆರಿಸಿ, ದಿನವು ತಿಂಗಳಿಗಿಂತ ಮೊದಲು ಬರುವದೋ, ಅಲ್ಪವಿರಾಮಗಳು 12,34,56,789 ಎಂಬಂತೆ ಬೀಳುವವೋ ಎಂದು ಪರೀಕ್ಷಿಸಬೇಕು. ರೀತಿ ತಪ್ಪಿದ್ದಾಗ ತುಂಬಿದ ತಾರೀಖುಗಳು ಇದರಿಂದ ತಾವಾಗಿ ಸರಿಹೋಗಲಾರವು. ಅವನ್ನು ಒಂದೊಂದಾಗಿ ಮತ್ತೆ ಬರೆಯತಕ್ಕದ್ದು. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ತೋರಿಸುವದು ಮೇಲು. ನವೆಂಬರ ಎಂದು ಕಂಡದ್ದನ್ನು ಯಾವ ದೇಶದವರೂ ಡಿಸೆಂಬರವೆಂದು ಓದಲಾರರು. ಸರ್ವೆ ನಂಬರು, ಖಾತೆ ನಂಬರು, ಆಧಾರ ನಂಬರು, ಫೋನ ನಂಬರು ಇವು ಹೆಸರಿಗೆ ಮಾತ್ರ ಅಂಕೆಗಳು. ಇವನ್ನು ಯಾರೂ ಕೂಡಿಸುವದಿಲ್ಲ, ಗುಣಿಸುವದಿಲ್ಲ. ಆದುದರಿಂದ ಇವುಗಳ ಮನೆಗಳಿಗೆ, ಬರೆಯುವ ಮುನ್ನವೇ, ಅಕ್ಷರವೆಂದು ಕಟ್ಟಳೆ ಹಾಕಬೇಕು. ಸಾದಾ ಕಡತವನ್ನು ನೇರವಾಗಿ ತೆರೆಯದೆ, ಡೇಟಾ ಎಂಬ ಸ್ಥಳದಿಂದ ಒಳಗೆ ತಂದುಕೊಂಡು, ಯಾವ ಸಾಲು ಅಕ್ಷರ, ಯಾವದು ತಾರೀಖು ಎಂದು ಆರಿಸಿಕೊಡಬೇಕು. ಎಕರೆಗೊಂದು ಗುಂಟೆಗೊಂದು ಬೇರೆ ಬೇರೆ ಸಾಲು ಇಟ್ಟು, ಎಕರೆಯನ್ನು ನಲವತ್ತರಿಂದ ಗುಣಿಸಿ ಗುಂಟೆ ಮಾಡಿ ಕೂಡಿಸಬೇಕು. ಹೊಸ ವ್ಯವಸ್ಥೆಯು ಬರುವ ಮುನ್ನ ಹಳೆಯದರ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಪೆಟ್ಟಿಗೆಯಲ್ಲಿಡಬೇಕು. ಎರಡನ್ನೂ ಬದಿಬದಿಗಿಟ್ಟು ನೋಡಿದ ಮೇಲೆಯೇ ಹೊಸದನ್ನು ನಂಬಬೇಕು.

ಇವು ಯಂತ್ರದ ಮಾತುಗಳಾದವು. ಇವುಗಳಿಗಿಂತ ಮುಖ್ಯವಾದ ಮಾತೊಂದಿದೆ. ಮೂರೂ ಊರುಗಳಲ್ಲಿ ಲೆಕ್ಕವನ್ನು ದಾರಿಗೆ ತಂದದ್ದು ಯಾವದು? ಒಂದೆಡೆ ಕೈಬರಹದ ಪುಸ್ತಕ, ಒಂದೆಡೆ ಪೆಟ್ಟಿಗೆಯಲ್ಲಿಯ ಪಹಣಿ, ಒಂದೆಡೆ ನಡೆದುಹೋಗಿ ಕೊಟ್ಟ ಕೈ. ಅದಕ್ಕೂ ಮೊದಲು, ತಾನು ಕಂಡದ್ದನ್ನು ಕಾಗದದ ಮುಂದೆ ಬಿಟ್ಟುಕೊಡದ ಒಬ್ಬ ಹೆಣ್ಣುಮಗಳ ನೆನಪು. "ನಾ ಬುಧವಾರ ಕಟ್ಟೇನಿ" ಎಂದು ಆಕೆ ಗಟ್ಟಿಯಾಗಿ ಹೇಳದೆ, ಅಚ್ಚಿನ ಹಾಳೆಗೆ ಅಂಜಿ ಇಪ್ಪತ್ತು ರೂಪಾಯಿ ದಂಡ ತೆತ್ತಿದ್ದರೆ, ತಪ್ಪು ಹೊರಬೀಳುತ್ತಲೇ ಇರಲಿಲ್ಲ. ಜನವರಿಯಲ್ಲಿ ಇಮ್ಮಡಿಯಾಗಿ ಬೆಳೆಯುತ್ತಿದ್ದಿತು. ಓದು ಬಲ್ಲವರು ಓದು ಬಾರದವರಿಗೆ ಲೆಕ್ಕ ಹೇಳುವಾಗ ಇದನ್ನು ಮರೆಯಬಾರದು. ಅವರ ಪ್ರಶ್ನೆಯು ಅಜ್ಞಾನದ್ದೆಂದು ತಳ್ಳಿಬಿಡುವದು ಬಲು ಸುಲಭ. ಆದರೆ ನಮ್ಮ ಮೂರು ಲಕ್ಷ ಎಲ್ಲಿ ಹೋಯಿತೆಂದು ಕೇಳಿದವಳೂ, ಬುಧವಾರವೆಂದು ಹಟ ಹಿಡಿದವಳೂ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ಲೆಕ್ಕವೆಂಬದು ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಇರುವ ಮಾತು. ಮಾತು ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ ಇರತಕ್ಕದ್ದು. ಆದುದರಿಂದ, ಮನೆಯಲ್ಲಿ ಯಂತ್ರವಿರುವ ಗೃಹಿಣಿಯರೂ ಗೃಹಸ್ಥರೂ ತಿಂಗಳಿಗೊಮ್ಮೆಯಾದರೂ ಲೆಕ್ಕದ ಹಾಳೆಯನ್ನು ಗಟ್ಟಿಯಾಗಿ ಓದಿ, ಮನೆಯ ಹಿರಿಯರನ್ನೂ ಕಿರಿಯರನ್ನೂ ಕೂಡ್ರಿಸಿಕೊಂಡು ಕೇಳಿಸಬೇಕೆಂದು ನಮ್ಮ ವಿನಂತಿ. ಇಷ್ಟಕ್ಕೆ ಅರ್ಧ ತಾಸು ಸಾಕು. ಎಲ್ಲಿ ತಾಳೆ ಬೀಳದೋ ಅಲ್ಲಿ ಯಾರಾದರೊಬ್ಬರು ತಡೆದು ಕೇಳಿಯೇ ಕೇಳುವರು.